ಬಿಸಿಲಿಗೆ ಹಾಕಿದ ಸ್ಯಾಕ್ಸೊಫೋನ್ ಪ್ಲೇಟುಗಳು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮದು ಸಾಲಿನ ಕೊನೆಯಿಂದ ಎರಡನೆಯ ಮನೆ. ಕೊನೆಯ ಮನೆಯಲ್ಲಿ ಸ್ಟೋರ್ಸಿನ ಗುಮಾಸ್ತರೊಬ್ಬರು ಒಂಟಿಯಾಗಿದ್ದರು. ಎರಡು ಮನೆಗೂ ಗೋಡೆ ಒಂದೇ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತಿತ್ತು. ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು.

ನಮ್ಮ ಮನೆಯವರಿಗೆ ರೋಲಿಂಗ್ ಮಿಲ್ಲಿನಲ್ಲಿ ಕೆಲಸ. ವಾರವಾರಕ್ಕೆ ಅವರ ಶಿಫ್ಟು ಬದಲಾದ ಹಾಗೆ ನನ್ನ ಒಲೆಯ ಹೊತ್ತೂ ಬದಲಾಗುತ್ತಿತ್ತು. ಬೆಳಗಿನ ಶಿಫ್ಟಾದರೆ ನಾಲ್ಕೂವರೆಗೇ ಅಕ್ಕಿರೊಟ್ಟಿ ತಟ್ಟಬೇಕು. ಅತ್ತೆಗೆ ಮಂಡಿನೋವು. ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಗೆ ಹೊರಡಿಸಬೇಕು. ನಲ್ಲಿಯಲ್ಲಿ ನೀರಿರುವುದು ಒಂದೇ ಗಂಟೆ ಹೊತ್ತು. ಎಲ್ಲ ಮುಗಿಸಿ, ಮಿಂದು, ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂರುವಷ್ಟರಲ್ಲಿ ಹನ್ನೊಂದಾಗುತ್ತಿತ್ತು. ದಿನದಲ್ಲಿ ನನ್ನದೆನ್ನುವುದು ಆ ಅರ್ಧ ಗಂಟೆ ಮಾತ್ರ. ಅದರಲ್ಲೂ ಎಷ್ಟೋ ಸಲ ತೂಕಡಿಸಿದ್ದೇನೆ. ಇವಳಿಗೆ ಸುಸ್ತು ಎಂದು ಶಿವ ಸುಮ್ಮನಿದ್ದಾನು ಎಂದುಕೊಳ್ಳುತ್ತಿದ್ದೆ.

ಭಾನುವಾರಗಳಲ್ಲಿ ಸರಿಯಾಗಿ ಅದೇ ಹೊತ್ತಿಗೆ ಗೋಡೆಯಾಚೆ ಗ್ರಾಮಾಫೋನ್ ಪ್ಲೇಟು ಶುರುವಾಗುತ್ತಿತ್ತು. ದಪ್ಪ ದನಿಯ ಯಾವುದೋ ವಾದ್ಯ. ನಿಧಾನ. ಹಾಡುವುದೋ ನಿಟ್ಟುಸಿರು ಬಿಡುವುದೋ ಗೊತ್ತಾಗುತ್ತಿರಲಿಲ್ಲ.

ಅತ್ತೆ ನಡುಮನೆಯಿಂದಲೇ ಕೂಗುತ್ತಿದ್ದರು. "ಏನೇ ಅದು, ಎಮ್ಮೆ ಈಯಕ್ಕೆ ನರಳ್ದಂಗೆ?"

"ವಾಲಗದ ಥರದ್ದಂತೆ ಅತ್ತೆ, ಇಂಗ್ಲಿಷಿನೋರ್ದು."

"ವಾಲಗ ಮದ್ವೇಲಿ ಊದ್ತಾರೆ. ಅಲ್ಲಿ ಯಾರ್ದೇ ಮದ್ವೆ? ಅವ್ನ್ದೇ ಆಗಿಲ್ಲ!"

ಒಂದು ಭಾನುವಾರ ಧೈರ್ಯ ಮಾಡಿ ಹೋಗಿ ಅವರ ಬಾಗಿಲು ಬಡಿದೆ. ಐವತ್ತರ ಹತ್ತಿರದ ಮನುಷ್ಯ, ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಂಡೇ ಬಾಗಿಲು ತೆಗೆದರು. ಪೂಜೆಯ ಹೊತ್ತು, ಸ್ವಲ್ಪ ಸಣ್ಣಗೆ ಹಾಕಬಹುದೇ ಎಂದು ಕೇಳಿದೆ. ಒಳಗೆ ಹೋಗಿ ಹಲ್ಲಿನ ಸೆಟ್ಟು ಹಾಕಿಕೊಂಡು ಬಂದು, "ಸಣ್ಣಗೆ ಹಾಕಿದ್ರೆ ಅದು ಕೇಳೋ ಹಾಗಿರಲ್ಲ ಅಕ್ಕಾ. ನಿಮ್ ಪೂಜೆ ಮುಗೀಲಿ, ಗೋಡೆ ಮೇಲೆ ಎರಡ್ ಸಲ ತಟ್ಟಿ. ಆಮೇಲೆ ಹಾಕ್ತೀನಿ" ಎಂದರು. ಚಿನ್ನದ ಗಣಿಯ ಕಡೆಯವರು, ಮನೆಮಾತು ತಮಿಳು, ಚರ್ಚಿಗೆ ಹೋಗುವವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ಕೊನೆಯವರೆಗೂ ನನ್ನನ್ನು ಅಕ್ಕಾ ಎಂದೇ ಕರೆದರು.

ಅಂದಿನಿಂದ ಅದೊಂದು ಪದ್ಧತಿಯಾಯಿತು. ಪೂಜೆ ಮುಗಿಸಿ ಗೋಡೆ ತಟ್ಟುವುದು, ಆಮೇಲೆ ಅಲ್ಲೇ ಗೋಡೆಗೊರಗಿ ತರಕಾರಿ ಹೆಚ್ಚುವುದು. ಮೊದಮೊದಲು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು, ಬರುಬರುತ್ತಾ ನಾನೇ ಕಿವಿಗೊಟ್ಟೆ. ದಣಿದ ಮೈಯನ್ನು ಒಂದೊಂದೇ ಭಾಗವಾಗಿ ನೆಲಕ್ಕೆ ಇಳಿಸಿದಂತೆ ಇರುತ್ತಿತ್ತು ಆ ದನಿ. ಆಮೇಲಾಮೇಲೆ ಸಂಜೆಗಳಲ್ಲಿ ನಾವೆಲ್ಲ ಅವರ ಮನೆಗೇ ಹೋಗಿ ಚಾಪೆಯ ಮೇಲೆ ಕೂತು ಕೇಳಿದೆವು. ಬೈಯುತ್ತಲೇ ಅತ್ತೆಯೂ ಬಂದರು.

ಅವರ ಹತ್ತಿರ ಇದ್ದದ್ದು ಆರು ಪ್ಲೇಟು. ಐದು ದೊಡ್ಡವು, ಹಡಗಿನ ಕೆಲಸದಲ್ಲಿದ್ದ ಸ್ನೇಹಿತನೊಬ್ಬ ಅಮೆರಿಕದಿಂದ ತಂದುಕೊಟ್ಟವು. ಒಂದರ ರಟ್ಟಿನ ಮೇಲೆ ಕಪ್ಪು ಮನುಷ್ಯನ ಚಿತ್ರ. ಕತ್ತಿಗೆ ಪಟ್ಟಿ, ಪಟ್ಟಿಗೆ ನೇತುಹಾಕಿದ ಬಾಗಿದ ಹಿತ್ತಾಳೆಯ ವಾದ್ಯ. ಕಣ್ಣು ಮುಚ್ಚಿದ್ದ, ಹಣೆಯ ತುಂಬ ಬೆವರು. ಆ ವಾದ್ಯ ಸ್ಯಾಕ್ಸೊಫೋನ್, ಆ ಸಂಗೀತ ಜಾಜ್ ಎಂದು ತಿಳಿದದ್ದು ಅಲ್ಲಿಯೇ.

"ಸ್ವರ ಕೇಳ್ಬೇಡಿ ಅಕ್ಕಾ. ಸ್ವರ ಬರೋಕೆ ಮುಂಚೆ ಗಾಳಿ ಬರುತ್ತಲ್ಲ, ಅದನ್ನ ಕೇಳಿ. ಮನುಷ್ಯ ಇರೋದು ಅದ್ರಲ್ಲಿ."

ಕಿವಿಗೊಟ್ಟು ಕೇಳಿದರೆ ನಿಜವಾಗಿಯೂ ಇತ್ತು. ಫೂ ಎಂಬ ಸಣ್ಣ ಉಸಿರು, ಅದರ ಹಿಂದೆ ಸ್ವರ. ಆ ವಾದ್ಯಗಾರರ ಸುದ್ದಿಯನ್ನು ಅವರು ನೆಂಟರ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ಅಮೆರಿಕದಲ್ಲಿ ಆ ಕಪ್ಪು ವಾದ್ಯಗಾರರು ದೊಡ್ಡ ಹೋಟೆಲುಗಳಲ್ಲಿ ನುಡಿಸುತ್ತಿದ್ದರಂತೆ, ಆದರೆ ಮೈಬಣ್ಣಕ್ಕಾಗಿ ಅದೇ ಹೋಟೆಲಿನಲ್ಲಿ ಅವರಿಗೆ ಕೋಣೆ ಕೊಡುತ್ತಿರಲಿಲ್ಲವಂತೆ. ಅಡುಗೆಮನೆಯ ಬಾಗಿಲಿಂದ ಒಳಗೆ ಹೋಗಿ, ಮೂರು ತಾಸು ಜನರನ್ನು ಕುಣಿಸಿ, ಬಸ್ಸಿನಲ್ಲೇ ಮಲಗುತ್ತಿದ್ದರಂತೆ.

"ಅಡುಗೆಮನೆ ಬಾಗ್ಲಲ್ಲಿ ಬಂದ್ರೂ ಊಟ ಹಾಕಲ್ವೇನಪ್ಪಾ?" ಎಂದು ಅತ್ತೆ ಕೇಳಿದರು. ಅದಾದ ಮೇಲೆ ಅವರು ಎಮ್ಮೆಯ ಮಾತೆತ್ತಲಿಲ್ಲ.

ಆರನೆಯದು ಸಣ್ಣ ಪ್ಲೇಟು. ಅದು ಅವರದೇ. ಚರ್ಚಿನ ಬ್ಯಾಂಡಿನಲ್ಲಿ ಕಲಿತು, ಬೆಂಗಳೂರಿನ ದಂಡು ಪ್ರದೇಶದಲ್ಲಿ ನುಡಿಸಿ, ಮುಂಬಯಿಯ ಹೋಟೆಲೊಂದರಲ್ಲಿ ಹನ್ನೊಂದು ವರ್ಷ ಸ್ಯಾಕ್ಸೊಫೋನ್ ಊದಿದವರು ಅವರು. ಆಮೇಲೆ ವಸಡಿನ ಕಾಯಿಲೆ ಬಂದು ಮೇಲಿನ ಹಲ್ಲುಗಳೆಲ್ಲ ಹೋದವು. "ಮೇಲಿನ ಹಲ್ಲು ಊರದೆ ಅದರ ಮೂತಿ ಹಿಡಿಯೋಕಾಗಲ್ಲ ಅಕ್ಕಾ. ಕಟ್ಟಿಸಿದ ಹಲ್ಲು ಅಲ್ಲಾಡುತ್ತೆ." ವಾದ್ಯವನ್ನು ಇನ್ನೊಬ್ಬರಿಗೆ ಕೊಟ್ಟು ಸ್ಟೋರ್ಸಿನ ಗುಮಾಸ್ತಿಕೆಗೆ ಬಂದರು. ಆ ಹೋಟೆಲಿನ ಬ್ಯಾಂಡು ಎಂದೋ ಒಂದು ಪ್ಲೇಟು ಮಾಡಿಸಿತ್ತು. ಅದರ ಎರಡನೆಯ ಮಗ್ಗುಲಲ್ಲಿ, ಊದಿನಕಡ್ಡಿಯ ಬೂದಿ ಒಮ್ಮೆ ಉದುರುವಷ್ಟು ಹೊತ್ತು, ಇವರೊಬ್ಬರೇ ನುಡಿಸುತ್ತಾರೆ. ಇನ್ನೊಂದು ಪ್ರತಿ ಎಲ್ಲಿಯೂ ಉಳಿದಿಲ್ಲವೆಂದು ಹೇಳಿದ್ದರು.

ಆ ವರ್ಷ ಮಳೆ ಬಿಡಲೇ ಇಲ್ಲ. ನವರಾತ್ರಿಗೆ ಮುಂಚೆ ಅವರ ತಾಯಿಗೆ ಕಾಯಿಲೆ ಜೋರಾಗಿದೆ ಎಂದು ತಂತಿ ಬಂತು. ತಿಂಗಳು ರಜಾ ಹಾಕಿ ಹೊರಟರು. ಅವರ ಮನೆಯ ಗೋಡೆಗೆ ಗೆದ್ದಲು ಹಿಡಿದಿತ್ತು. ಪ್ಲೇಟುಗಳ ಪೆಟ್ಟಿಗೆ ತಂದು ನನ್ನ ಕೈಗೆ ಕೊಟ್ಟು, "ಒಣಗಿರೋ ಜಾಗದಲ್ಲಿಡಿ ಅಕ್ಕಾ" ಎಂದರು. ಹೇಳಿದ್ದು ಅಷ್ಟೇ.

ಮಹಾನವಮಿ ಕಳೆದು ಬಿಸಿಲು ಬಿತ್ತು. ಮಳೆಗಾಲ ಮುಗಿದು ಮೊದಲ ಗಟ್ಟಿ ಬಿಸಿಲು ಬಿದ್ದ ದಿನ ನಮ್ಮ ಕಡೆಯ ಹೆಂಗಸರು ಏನು ಮಾಡುತ್ತಾರೆಂದು ಹೇಳಬೇಕಾಗಿಲ್ಲ. ಹಾಸಿಗೆ, ರೇಷ್ಮೆ ಸೀರೆ, ಹುಣಸೆಹಣ್ಣು, ಮಕ್ಕಳ ಪುಸ್ತಕ, ಬೂಷ್ಟು ಹಿಡಿದದ್ದೆಲ್ಲ ಅಂಗಳಕ್ಕೆ ಬರುತ್ತದೆ. ಪೆಟ್ಟಿಗೆ ತೆಗೆದು ನೋಡಿದೆ. ಪ್ಲೇಟುಗಳ ಮೇಲೂ ಬೆಳ್ಳಗೆ ಬೂಷ್ಟು. ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಮೆತ್ತಗೆ ಒರೆಸಿದೆ. ಆರನ್ನೂ ಚಾಪೆಯ ಮೇಲೆ, ಸಂಡಿಗೆಯ ಪಕ್ಕದಲ್ಲಿ, ಸಾಲಾಗಿ ಒಣಗಲು ಇಟ್ಟೆ. ಎಷ್ಟು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಪೂಜೆಗೆ ಕೂತೆ. ನಾಲ್ಕೂವರೆಗೆ ಎದ್ದ ಮೈ. ಗೋಡೆಗೊರಗಿ ನಿದ್ದೆ ಹೋದೆ.

"ಲೇ, ಬಾರೆ ಇಲ್ಲಿ! ಅವನ ಪ್ಲೇಟೆಲ್ಲ ಹಪ್ಳ ಆಗಿದಾವೆ!" ಎಂಬ ಅತ್ತೆಯ ಕೂಗಿಗೆ ಎಚ್ಚರವಾಯಿತು.

ಹಪ್ಪಳ ಎಂದದ್ದು ಸುಳ್ಳಲ್ಲ. ಅಂಚುಗಳೆಲ್ಲ ಮೇಲೆದ್ದಿದ್ದವು, ನಡುವೆ ಗುಳಿ ಬಿದ್ದಿತ್ತು. ಸಣ್ಣದಂತೂ ಒಂದು ಪಕ್ಕಕ್ಕೆ ಮಡಚಿಕೊಂಡಂತಿತ್ತು. ಮೊದಲು ಅದನ್ನೇ ನೆರಳಿಗೆ ಎತ್ತಿಕೊಂಡು ಹೋದೆ. ಐದು ಪ್ಲೇಟು ಹೋದರೆ ಎಲ್ಲಿಂದಲೋ ತರಿಸಬಹುದು. ಆರನೆಯದರಲ್ಲಿ ಆ ಮನುಷ್ಯನ ಉಸಿರಿತ್ತು. ಅವರು ಅದನ್ನು ಇನ್ನು ಊದಲಾರರು, ಬೇರೆಲ್ಲೂ ಅದು ಉಳಿದಿಲ್ಲ.

ಮರುದಿನ ಅವನ್ನು ಸೀರೆಯಲ್ಲಿ ಸುತ್ತಿಕೊಂಡು ಶಿವಮೊಗ್ಗದ ರೈಲು ಹತ್ತಿದೆ. ನನ್ನ ತವರು ಗಾಂಧಿ ಬಜಾರಿನಲ್ಲಿ. ಅಲ್ಲೇ ಪಕ್ಕದ ರಸ್ತೆಯಲ್ಲಿ ಒಬ್ಬ ಸಾಹೇಬರ ರೇಡಿಯೋ ರಿಪೇರಿ ಅಂಗಡಿ ಇತ್ತು. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು.

"ಬಿಸಿಲಿಗೆ ಹಾಕಿದ್ರಾ? ಯಾ ಅಲ್ಲಾ! ಇದೇನು ಮೆಣಸಿನಕಾಯಾ ಅಮ್ಮಾ?"

"ಬೂಷ್ಟು ಬಂದಿತ್ತು ಸಾಬ್ರೆ."

"ಬೂಷ್ಟು ಒರೆಸಿದ್ರೆ ಹೋಗ್ತಿತ್ತು. ಈಗ ಖತಂ. ಮನೆಗೆ ತಗೊಂಡ್ಹೋಗಿ ಮೊಸರು ಹೆಪ್ಪು ಹಾಕಿ."

ತಮಾಷೆಗೆ ಹೇಳಿದ್ದು, ಆದರೆ ನನ್ನ ಮುಖ ನೋಡಿ ಅವರೇ ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟರು. ತಿರುಗಿ ಬರುವಾಗ ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು. ಆ ದಿನ ನನಗೆ ಸಿಕ್ಕ ಕೃಪೆ ಅಷ್ಟೇ, ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ. ಅಳು ಬರಲಿಲ್ಲ. ಬರೀ ಸುಸ್ತು.

ಶಿಫ್ಟು ಮುಗಿಸಿ ಬಂದ ನಮ್ಮ ಮನೆಯವರು, "ಏನ್ ಮಾರಾಯ್ತಿ, ಹೆಣ ಹೊತ್ಕೊಂಡು ಬಂದೋಳ ಥರ ಇದೀಯ?" ಎಂದರು. ಪ್ಲೇಟುಗಳನ್ನು ತೋರಿಸಿ, ಸಾಬರ ಮೊಸರಿನ ಮಾತನ್ನೂ ಹೇಳಿದೆ. ಅವರು ಒಂದನ್ನೆತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಮಿಲ್ಲಿನಲ್ಲಿ ತಗಡಿನ ಡೊಂಕು ನೋಡುವಂತೆ ನೋಡಿದರು.

"ಮೊಸರೇನೂ ಬೇಡ. ಬಿಸಿಲು ಮಾಡಿದ ಸೊಟ್ಟನ ಬಿಸಿಲ ಹತ್ರಾನೇ ತೆಗೆಸ್ಬೇಕು. ದಿನಾ ನಾವು ಮಾಡೋದಾದ್ರೂ ಏನು? ಕಾಯಿಸ್ತೀವಿ, ಅದುಮ್ತೀವಿ, ತಣ್ಣಗಾಗೋವರ್ಗೂ ಬಿಡಲ್ಲ. ಸಮವಾಗಿರೋ ಎರಡು ಗಾಜು ಬೇಕು, ಅಷ್ಟೆ."

ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಗಾಜು ಇದ್ದದ್ದು ಎರಡೇ. ಮದುವೆಯಲ್ಲಿ ನನ್ನ ತಂದೆ ಕೊಟ್ಟ ಶಿವಪಾರ್ವತಿಯರ ಪಟದ್ದು ಒಂದು, ನಂದಿಯ ಪಟದ್ದು ಇನ್ನೊಂದು. ನಾನು ಮಣೆಯ ಮೇಲೆ ಹತ್ತಿ ಪಟ ಇಳಿಸಿದೆ.

ಅತ್ತೆ ಗಾಬರಿಯಾದರು. "ದೇವ್ರ ಗಾಜು ಕೀಳ್ತೀಯೇನೇ?"

"ಗಾಜು ತೆಗೆದ್ರೆ ದೇವ್ರೆಲ್ಲಿ ಓಡಿ ಹೋಗ್ತಾನೆ ಅತ್ತೆ? ಇರ್ತಾನೆ."

ಹಾಗೆಂದೆನಾದರೂ, ತಪ್ಪಾದರೆ ನನ್ನ ಮೇಲಿರಲಿ, ಮಕ್ಕಳ ಮೇಲೆ ಬೇಡ ಎಂದು ಬೇಡಿಕೊಂಡೇ ಮೊಳೆ ಕಿತ್ತೆ.

ದಿನಕ್ಕೊಂದು ಪ್ಲೇಟು. ಎರಡು ಗಾಜುಗಳ ನಡುವೆ ಇಟ್ಟು, ಮೆತ್ತಗಾಗುವವರೆಗೆ ಬಿಸಿಲಲ್ಲಿ ಕಾಯುವುದು. ಆಮೇಲೆ ನೆರಳಿಗೆ ಎಳೆದು, ಮೇಲೊಂದು ಹಲಗೆ ಹಾಸಿ, ಅದರ ಮೇಲೆ ಬೀಸುವ ಕಲ್ಲಿನ ಮೇಲಿನ ಹೋಳು ಹೇರಿ, ಮರುದಿನದವರೆಗೆ ಮುಟ್ಟದಿರುವುದು. ಈ ಸಲ ನಾನು ಪಕ್ಕದಿಂದ ಏಳಲಿಲ್ಲ. ಆರು ದಿನ ಪೂಜೆಯನ್ನೂ ಅಂಗಳದ ಕಟ್ಟೆಯ ಮೇಲೆಯೇ ಮಾಡಿದೆ, ಕಣ್ಣು ತೆರೆದುಕೊಂಡು. ನಾಲ್ಕನೆಯ ದಿನ ಒಂದು ಗಾಜಿನ ಮೂಲೆ ಚಟಾರೆಂದು ಸೀಳಿತು. ಪುಣ್ಯಕ್ಕೆ ಪ್ಲೇಟಿನ ತನಕ ಬರಲಿಲ್ಲ. ಅತ್ತೆ ಮಂಡಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತು ಕಾಗೆ ಓಡಿಸಿದರು.

ಐದು ದೊಡ್ಡವು ಬಹುಪಾಲು ನೆಟ್ಟಗಾದವು. ಸಣ್ಣದು ಒಡೆಯಲಿಲ್ಲ. ಆದರೆ ಅಂಚಿನ ಹತ್ತಿರ ಒಂದು ಗುಳ್ಳೆ, ಹುಣಸೆಬೀಜದಷ್ಟು, ಇಳಿಯಲೇ ಇಲ್ಲ.

ಗುಮಾಸ್ತರು ತಿರುಗಿ ಬಂದಾಗ ತೋಳಿಗೆ ಕರಿಯ ಪಟ್ಟಿ ಇತ್ತು. ತಾಯಿ ಹೋಗಿಬಿಟ್ಟಿದ್ದರು. ಅಂಥವರಿಗೆ ಹೇಗೆ ಹೇಳಲಿ? ಎರಡು ದಿನ ಊಟ ಮಾತ್ರ ಕಳಿಸಿದೆ. ಮೂರನೆಯ ದಿನ ಭಾನುವಾರ. ಪೂಜೆ ಮುಗಿಸಿ ಗೋಡೆಗೆ ಎರಡು ಸಲ ತಟ್ಟಿದೆ. ಪ್ಲೇಟು ಹಾಕಲು ಅವರಲ್ಲಿ ಪ್ಲೇಟು ಇರಲಿಲ್ಲ, ಅವರೇ ಬಂದರು. ನಿಂತಲ್ಲೇ ಎಲ್ಲ ಹೇಳಿದೆ. ಒರೆಸಿದ್ದು, ಒಣಗಿಸಿದ್ದು, ನಿದ್ದೆ ಹೋದದ್ದು, ಯಾವುದನ್ನೂ ಬಿಡಲಿಲ್ಲ.

ಅವರು ಗೋಡೆಯ ಮೇಲಿನ ಪಟಗಳನ್ನು ನೋಡಿ, "ದೇವರ ಪಟಕ್ಕೆ ಗಾಜೆಲ್ಲಿ ಅಕ್ಕಾ?" ಎಂದರು. ಅದನ್ನೂ ಹೇಳಿದೆ.

ಅವರ ಮನೆಗೆ ಪೆಟ್ಟಿಗೆ ಹೊತ್ತು ಹೋದೆವು. ದೊಡ್ಡ ಪ್ಲೇಟುಗಳು ಹಾಡಿದವು. ಅಲ್ಲಲ್ಲಿ ದನಿ ಸ್ವಲ್ಪ ತೂರಾಡುತ್ತಿತ್ತು, ದೂರದಿಂದ ನಡೆದು ಬಂದವರಂತೆ. ಕೊನೆಗೆ ಸಣ್ಣದರ ಎರಡನೆಯ ಮಗ್ಗುಲು. ಬ್ಯಾಂಡು ಶುರುವಾಯಿತು. ಬ್ಯಾಂಡು ಹಿಂದೆ ಸರಿಯಿತು. ಫೂ ಎಂಬ ಆ ಉಸಿರು ಬರಬೇಕಾದ ಕಡೆ ಸೂಜಿ ಗುಳ್ಳೆಗೆ ತಾಗಿ ಟಕ್ಕೆಂದು ಹಾರಿ, ಅವರ ನುಡಿಸುವಿಕೆಯ ಕೊನೆಗೆ ಹೋಗಿ ಬಿತ್ತು.

"ನಿಂತೋಯ್ತಾ?" ಎಂದರು ಅತ್ತೆ.

ಅವರು ಸೂಜಿ ಎತ್ತಿದರು. ಕರ್ಚೀಫು ತೆಗೆದು, ನಮ್ಮೆದುರೇ ಹಲ್ಲಿನ ಸೆಟ್ಟು ಬಿಚ್ಚಿ ಅದರಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ಬೊಚ್ಚು ಬಾಯಲ್ಲಿ, ಹಾರಿಹೋದಷ್ಟನ್ನು ಹಾಡಿದರು. ಉಸಿರು ಮೊದಲು, ಸ್ವರ ಆಮೇಲೆ. ಮುಗಿಸಿ ಹಲ್ಲು ಹಾಕಿಕೊಂಡು, "ಹೋಗಿರೋದು ಇಷ್ಟು ಅಕ್ಕಾ" ಎಂದರು. ಪ್ಲೇಟನ್ನು ಪೆಟ್ಟಿಗೆಗೆ ಸೇರಿಸುತ್ತ, "ಬೇಜಾರಾಗಿದೆ. ಇಲ್ಲ ಅಂತ ಸುಳ್ಳು ಹೇಳಲ್ಲ" ಎಂದರು.

ಪರವಾಗಿಲ್ಲ ಎಂದುಬಿಟ್ಟಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಒಂದು ತಿಂಗಳಿಗೂ ಹೆಚ್ಚು ಕಾಲ ಗೋಡೆಯಾಚೆ ಸಣ್ಣ ಪ್ಲೇಟಿನ ದನಿ ಬರಲಿಲ್ಲ. ನಾನು ತಟ್ಟುತ್ತಿದ್ದೆ, ದೊಡ್ಡವು ಬರುತ್ತಿದ್ದವು. ಒಂದು ಭಾನುವಾರ ಅದು ಬಂತು. ಬ್ಯಾಂಡು ಹಿಂದೆ ಸರಿಯಿತು, ಸೂಜಿ ಎತ್ತಿದ ಸದ್ದಾಯಿತು, ಅವರ ಬಾಯಿಯ ಉಸಿರು, ಅವರ ಬಾಯಿಯ ಸ್ವರ, ಮತ್ತೆ ಸೂಜಿ ಇಳಿಯಿತು. ಆಮೇಲೆ ಪ್ರತಿ ಭಾನುವಾರ ಹಾಗೆಯೇ. ಪಟಗಳಿಗೆ ಹೊಸ ಗಾಜು ಹಾಕಿಸಿಕೊಟ್ಟವರೂ ಅವರೇ. ನಾನು ಬೇಡವೆಂದರೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಅವರು ಕೆಲಸ ಬಿಟ್ಟು ತಂಗಿಯ ಮನೆ ಸೇರಿದರು. ಪ್ಲೇಟುಗಳೂ ಹೋದವು. ಆ ಮನೆಗೆ ಬೇರೆ ಸಂಸಾರ ಬಂತು.

ಆಮೇಲೊಂದು ದಿನ ಬೆಳಗಿನ ಶಿಫ್ಟಿಗೆ ಹಿಟ್ಟು ನಾದುತ್ತಿದ್ದೆ. ಬಾಯಲ್ಲಿ ಏನು ಬರುತ್ತಿದೆ ಎಂಬ ಗಮನವಿರಲಿಲ್ಲ. ನಡುಮನೆಯಲ್ಲಿ ಅತ್ತೆ ಮಗ್ಗುಲು ಬದಲಾಯಿಸಿ, "ಬಂತಪ್ಪಾ ಎಮ್ಮೆ, ಈ ಮನೆಗೇ ಬಂತು" ಎಂದರು. ಆಗ ತಿಳಿಯಿತು, ನಾನು ಹಾಡುತ್ತಿದ್ದದ್ದು ಗುಳ್ಳೆಯಲ್ಲಿ ಹೋದ ಭಾಗ. ಉಸಿರು ಮೊದಲು, ಸ್ವರ ಆಮೇಲೆ. ಮುಂದಿನದು ನನಗೆ ಬರುವುದಿಲ್ಲ, ಅದು ಪ್ಲೇಟಿನಲ್ಲಿದೆ. ಸೂಜಿ ಇಳಿಯುವ ಜಾಗದವರೆಗೆ ಹಾಡಿ, ನಿಲ್ಲಿಸಿ, ಹೆಂಚು ಒಲೆಯ ಮೇಲಿಟ್ಟೆ.