ಅವ್ವನ ತೂಕದ ಚೀಲ

ಹರಳೆಣ್ಣೆ ಬಿಸಿಯಾಗುವ ವಾಸನೆ ಮೂಗಿಗೆ ಬಿತ್ತೆಂದರೆ ನನ್ನ ತಲೆಯೊಳಗೆ ಯಾರೋ ಒಂದು ಪಟ್ಟಿ ಓದುವುದಕ್ಕೆ ಶುರುಮಾಡುತ್ತಾರೆ. ಅವತ್ತು ತೊಟ್ಟಿಲ ರಾಟೆಯ ಅಚ್ಚು ಮುರಿಯಬಹುದಿತ್ತು. ಅಗಳಿ ಜಾರಬಹುದಿತ್ತು. ಅವ್ವನ ಸೆರಗು ಮರದ ಸಂದಿಗೆ ಸಿಕ್ಕಿ ಎಳೆದುಕೊಳ್ಳಬಹುದಿತ್ತು. ಚಿಕ್ಕಪ್ಪನ ಅಂಗೈ ಬೆವರಬಹುದಿತ್ತು. ಮೇಲೆ ಹೋದಮೇಲೆ ಅವ್ವನಿಗೆ ತಲೆ ಸುತ್ತಬಹುದಿತ್ತು. ಸುತ್ತಿ ನನ್ನ ಮೇಲೆ ಒರಗಿದರೆ ನನ್ನ ಕಡ್ಡಿ ತೋಳು ತಡೆಯದೆ ಹೋಗಬಹುದಿತ್ತು. ಹುಣಸೆಮರದ ಹೆಜ್ಜೇನು ಅವತ್ತೇ ಮುಹೂರ್ತ ನೋಡಿಕೊಂಡು ಎದ್ದು ಬರಬಹುದಿತ್ತು. ಎಲ್ಲಕ್ಕಿಂತ ದೊಡ್ಡದು, ಡಾಕ್ಟರು ಹೆದರಿಸಿದ್ದ ಹಾಗೆ, ಮೇಲಕ್ಕೆ ಹೋದ ಅವ್ವನ ಎದೆ ಅಲ್ಲೇ ನಿಂತುಬಿಡಬಹುದಿತ್ತು. ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ, ತೀರಾ ಸಣ್ಣದು. ಆದರೂ ಈ ವಯಸ್ಸಿನಲ್ಲಿ, ನಾದಿನಿ ತಲೆಗೆ ಹಚ್ಚಿಕೊಳ್ಳಲು ಎಣ್ಣೆ ಕಾಯಿಸಿದರೆ, ನಾನು ಅಡುಗೆಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಲ್ಲುತ್ತೇನೆ. ಮನೆಯವರಿಗೆ ಅಭ್ಯಾಸವಾಗಿದೆ. ಊರಾಚೆಯ ದೊಡ್ಡ ದೊಡ್ಡ ಆಟದ ಪಾರ್ಕುಗಳಿಗೆ ಮಕ್ಕಳನ್ನು ಕರೆದುಕೊಂಡು ಹೋದರೂ ಅಷ್ಟೇ, ಎಲ್ಲರ ಚಪ್ಪಲಿ, ಬ್ಯಾಗು ಕಾಯುತ್ತಾ ಕೆಳಗೆ ನಿಲ್ಲುವ ಕೆಲಸ ನನ್ನದು.

ನಮ್ಮದೇ ಒಂದು ಆಟದ ತೋಟವಿತ್ತು ಎಂದರೆ ನನ್ನ ಮಕ್ಕಳು ನಂಬುವುದಿಲ್ಲ. ಜಯನಗರದ ಕೊನೆಯ ಬೀದಿ ಮುಗಿದು, ಬನಶಂಕರಿ ಗುಡಿಯ ಕಡೆಗೆ ಗಾಡಿದಾರಿ ಇಳಿಯುವಲ್ಲಿ ನಮ್ಮ ರಾಗಿ ಹೊಲ, ಅದರ ತಲೆಗೆ ಹೆಂಚಿನ ಮನೆ, ಮನೆಯ ಮಗ್ಗುಲಿಗೆ ತೊಟ್ಟಿಲ ತೋಟ. ಹೊಸ ಲೇಔಟಿನಲ್ಲಿ ಮನೆ ಕಟ್ಟಿಕೊಂಡ ಆಫೀಸಿನವರು ಭಾನುವಾರ ಸಂಜೆ ಫ್ರಾಕು ಹಾಕಿದ ಮಕ್ಕಳ ಕೈ ಹಿಡಿದು ಹೊಲದ ಗಾಳಿಗೆಂದು ನಡೆದು ಬರುತ್ತಿದ್ದರಂತೆ. ಬಂದವರು ಬದುವಿನ ಮೇಲೆ ಸುಮ್ಮನೆ ನಿಂತು ನೋಡಿ ಹೋಗುವುದನ್ನು ಕಂಡು ಚಿಕ್ಕಪ್ಪನಿಗೆ ಆಸೆ ಹುಟ್ಟಿತು. ಅವನು ಸಾಮಿಲ್ಲಿನಲ್ಲಿ ಮರಗೆಲಸ ಕಲಿತವನು. ಮೂಲೆಗೆ ಬಿದ್ದಿದ್ದ ಹಳೇ ಕಬ್ಬಿನ ಗಾಣದ ಅಚ್ಚು ತಂದು, ಅದಕ್ಕೆ ತೊಲೆ ಕೂಡಿಸಿ, ನಾಲ್ಕು ತೊಟ್ಟಿಲು ತೂಗುಹಾಕಿ ಒಂದು ರಾಟೆ ಮಾಡಿದ. ಈಗಿನವರು ಜೈಂಟ್ ವೀಲ್ ಅನ್ನುವುದರ ಬಡ ದೊಡ್ಡಮ್ಮ ಅದು. ನಮ್ಮ ಮನೆಗಿಂತ ಎತ್ತರ, ತೆಂಗಿನಮರಕ್ಕಿಂತ ಗಿಡ್ಡ. ಪಕ್ಕದಲ್ಲಿ ಸುತ್ತುವ ಕುದುರೆಗಳಿದ್ದವು. ಬಣ್ಣ ಬಳಿದವನಿಗೆ ದೇವಿಯರ ಮುಖ ಮಾತ್ರ ಬರುತ್ತಿದ್ದುದರಿಂದ ಆ ಕುದುರೆಗಳಿಗೆಲ್ಲ ಕಾಡಿಗೆ ತೀಡಿದ ಉದ್ದನೆಯ ಕಣ್ಣು. ಅಮ್ಮ ಬಾಗಿಲ ಬಳಿ ಕಡಲೆಪುರಿ ಇಟ್ಟುಕೊಂಡು ಕೂರುತ್ತಿದ್ದಳು. ರಾಟೆ ಸುತ್ತಿದ ಹಾಗೆ ಅಚ್ಚು ಕಾದು, ಹಚ್ಚಿದ ಹರಳೆಣ್ಣೆ ಹೊಗೆಯಾಡಿ, ಸಂಜೆಯ ಸಗಣಿ ನೀರಿನ ಘಮದ ಜೊತೆ ಬೆರೆತು ಇಡೀ ತೋಟಕ್ಕೆ ಒಂದು ವಾಸನೆ ಬರುತ್ತಿತ್ತು. ಅದು ನನ್ನ ಬಾಲ್ಯದ ವಾಸನೆ. ನಿಮ್ಮದೂ ಒಂದು ಇರುತ್ತದೆ. ಅದು ಬಂದಾಗ ನೀವೂ ಎಲ್ಲೋ ಚೌಕಟ್ಟು ಹಿಡಿದು ನಿಲ್ಲುತ್ತೀರಿ, ನನಗೆ ಗೊತ್ತು.

ಕೈಯಲ್ಲಿ ಸುತ್ತಿಸುವ ರಾಟೆಗೆ ಬಲಕ್ಕಿಂತ ಹೆಚ್ಚಾಗಿ ಬೇಕಾದ್ದು ಸಮತೂಕ. ಈ ತೊಟ್ಟಿಲಿನಲ್ಲಿ ಕೂತವರಷ್ಟೇ ಭಾರ ಎದುರು ತೊಟ್ಟಿಲಿನಲ್ಲೂ ಇರಬೇಕು. ಇಲ್ಲದಿದ್ದರೆ ಭಾರದ ಕಡೆ ಕೆಳಕ್ಕೆ ಎಳೆದು ರಾಟೆ ಹಟ ಹಿಡಿಯುತ್ತದೆ. ಅದಕ್ಕೇ ಅವ್ವ. ಅವ್ವ ಎಂದರೆ ಅಪ್ಪನ ತಾಯಿ, ಮನೆಗೂ ರಾಟೆಗೂ ಒಡತಿ. ಚಪ್ಪಡಿ ಕಲ್ಲಿನ ಮೇಲೆ ಕೂತು, ಬಂದವರನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ ಜಾಗ ಹೇಳುತ್ತಿದ್ದಳು. "ಕನ್ನಡಕದ ಸ್ವಾಮೇರು ಇದಕ್ಕೆ ಬನ್ನಿ. ಎದುರಿಗೆ ಆ ಅಕ್ಕ, ಅಕ್ಕನ ಮಗಳು. ಇನ್ನೂ ಸಾಲ್ದು, ಒಂದು ಮರಿ ಹಾಕ್ರೋ." ಮರಿ ಎಂದರೆ ರಾಗಿ ತುಂಬಿದ ಸಣ್ಣ ಚೀಲ. ನಮ್ಮಲ್ಲಿ ಚೀಲಗಳಿಗೆಲ್ಲ ಹೆಸರಿತ್ತು. ಎಲ್ಲಕ್ಕಿಂತ ದಪ್ಪನೆಯದು ಶಾನುಭೋಗರು. ಅದನ್ನು ಎತ್ತುವಾಗಲೆಲ್ಲ ಚಿಕ್ಕಪ್ಪ "ಎದ್ದೇಳಿ ಸಾರ್, ಊಟ ಜಾಸ್ತಿ ಆಯ್ತು" ಅನ್ನುತ್ತಿದ್ದ. ಅದಕ್ಕಿಂತ ಒಂದು ಕೈ ಕಮ್ಮಿಯದು ಅವ್ವನ ಚೀಲ.

ಅವ್ವನ ಚೀಲಕ್ಕೆ ಬೇರೆಯದೇ ಮರ್ಯಾದೆ. ನಾನು ಹುಟ್ಟುವ ಮೊದಲು, ಚಿಕ್ಕಪ್ಪ ವಿಷಮಶೀತದಿಂದ ಉಳಿದುಕೊಂಡಾಗ, ಅವ್ವ ಮನೆದೇವರಿಗೆ ತನ್ನ ತೂಕದ ರಾಗಿ ಒಪ್ಪಿಸಿದ್ದಳು. ತುಲಾಭಾರದಲ್ಲಿ ಒಂದು ಚೀಲ ದೇವರಿಗೆ ಕೊಟ್ಟು, ಅದೇ ತಕ್ಕಡಿಯಲ್ಲಿ ಅಷ್ಟೇ ತೂಗಿದ ಇನ್ನೊಂದನ್ನು ಮನೆಗೆ ತಂದಿಟ್ಟುಕೊಳ್ಳುವುದು ನಮ್ಮ ವಂಶದ ರೂಢಿ. ಆ ಚೀಲ ಬರಿದಾಗಬಾರದು. ಪ್ರತಿ ಸುಗ್ಗಿಯಲ್ಲೂ ಹಳೇ ರಾಗಿ ತೆಗೆದು, ಹೊಸದನ್ನು ಅವತ್ತಿನ ತೂಕದ ಗುರುತಾದ ಕೆಂಪು ದಾರದ ಹೊಲಿಗೆಯವರೆಗೆ ತುಂಬಿ, ಊದುಬತ್ತಿ ಬೆಳಗಿ ಕಟ್ಟುತ್ತಿದ್ದರು. ಉಳಿದ ದಿನ ಅದು ರಾಟೆಯಲ್ಲಿ ದಪ್ಪ ಹೆಂಗಸರಿಗೆ ಎದುರು ಕೂತು ಸುತ್ತುತ್ತಿತ್ತು. "ನಾನು ಹತ್ತದೆ ಇದ್ರೂ ನನ್ ಚೀಲ ದಿನಾ ಆಕಾಶ ನೋಡ್ತದೆ" ಎಂದು ಅವ್ವ ನಗುತ್ತಿದ್ದಳು. ಅವಳಂತೂ ಒಮ್ಮೆಯೂ ಹತ್ತಿರಲಿಲ್ಲ. ಯಾಕೆ ಅಂದರೆ, "ಮೇಲೆ ಕೂತ್ರೆ ಕೆಳಗೆ ನೋಡೋರ್ ಯಾರು?"

ಆಮೇಲೆ ಲೇಔಟು ನಮ್ಮ ಬದುವಿಗೂ ಬಂತು. ಅಳತೆಯವರು ಸರಪಳಿ ಎಳೆದು, ಸುಣ್ಣ ಬಳಿದ ಕಲ್ಲುಗಳನ್ನು ಹೊಲದ ತುಂಬ ನೆಟ್ಟು ಹೋದರು. ಆ ವರ್ಷ ಕೊಯ್ದ ರಾಗಿಯೇ ಕೊನೆ. ಅವ್ವ ಶಿವರಾತ್ರಿಯ ಮಾರನೆಯ ದಿನ ಬಾವಿಕಟ್ಟೆಯಲ್ಲಿ ಕಣ್ಣುಕತ್ತಲೆ ಬಂದು ಕುಸಿದಿದ್ದಳು. ಬಸವನಗುಡಿಯಿಂದ ಬಂದ ಡಾಕ್ಟರು ಎದೆ ನೋಡಿ, ಗಾಬರಿಯಾಗುವಂಥದ್ದು ಏನೂ ಕೂಡದು ಎಂದು ಹೇಳಿಹೋಗಿದ್ದರು. ಅಪ್ಪ ಸ್ವಭಾವತಃ ದಿಗಿಲಿನ ಮನುಷ್ಯ. (ನನಗೆ ಆಸ್ತಿಯಾಗಿ ಬಂದದ್ದು ಅದೊಂದೇ, ಪಾಲುದಾರರಿಲ್ಲದೆ ಪೂರ್ತಿ.) ಅವನು ಅವತ್ತಿನಿಂದ ಮನೆಯಲ್ಲಿ ಪಾತ್ರೆ ಬೀಳುವುದನ್ನೂ ನಿಷೇಧಿಸಿದ. ಜಾಗ ಬಿಟ್ಟುಕೊಡಲು ರಾಟೆ ಬಿಚ್ಚುವ ದಿನದ ಹಿಂದಿನ ಸಂಜೆ, ಬಂದವರೆಲ್ಲ ಹೋದಮೇಲೆ, ಅವ್ವ ಚಪ್ಪಡಿಯಿಂದ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈಗ ನಾನ್ ಹತ್ತುತೀನಿ."

ಅಪ್ಪ ನಕ್ಕ. ತಮಾಷೆಯಲ್ಲವೆಂದು ತಿಳಿದ ಮೇಲೆ ಬೆವರಿದ. "ಡಾಕ್ಟರ್ ಏನಂದವ್ರೆ ಮರ್ತೋಯ್ತಾ? ಮೇಲೆ ಹೋಗಿ ಏನಾದ್ರೂ ಆದ್ರೆ ಯಾರ್ ಜವಾಬ್ದಾರಿ?"

"ಈ ಹೊಲಾನ ಇದುವರ್ಗೂ ನಾನು ಬಗ್ಗಿಯೇ ನೋಡಿರೋದು ಕಣ್ಲಾ. ಕಳೆ ಕೀಳ್ತಾ, ತೆನೆ ಕುಯ್ತಾ. ಒಂದೇ ಒಂದ್ ಸಲ ಇಡೀದು ಕಣ್ಣಿಗೆ ಬೀಳ್ಬೇಕು. ನಾಳೆ ನೀನು ರಾಟೆ ಬಿಚ್ಚಿದ್ ಮೇಲೆ ಹೆಂಗ್ ನೋಡ್ಲಿ, ನಿನ್ನ ಹೆಗಲ್ ಮೇಲೆ ಕೂರ್ಲಾ?"

ಅಪ್ಪ ಷರತ್ತು ಹಾಕಿದ. ಒಂದೇ ಸುತ್ತು. ನಿಧಾನ. ಅವ್ವನ ಪಕ್ಕ ಹಿಡಿದುಕೊಳ್ಳಲು ನಾನು. ಯಾಕೆ ನಾನು? ಅಪ್ಪನೂ ಚಿಕ್ಕಪ್ಪನೂ ಕೆಳಗೆ ತೊಲೆ ಹಿಡಿಯಬೇಕು, ಅಮ್ಮ ಬಸುರಿ. ಹತ್ತು ವರ್ಷದ ನನ್ನ ಕೈಗೆ ಅಪ್ಪ ತನ್ನ ತಾಯಿಯನ್ನು ಕೊಟ್ಟು, "ಕಣ್ಣು ಮುಚ್ಚಿದ್ರೆ ತಕ್ಷಣ ಕೂಗು" ಎಂದ. ಎದುರು ತೊಟ್ಟಿಲಿಗೆ ಏನು ಹಾಕಬೇಕೆಂದು ಯಾರೂ ಯೋಚಿಸಲಿಲ್ಲ. ಯೋಚಿಸುವುದೇನಿತ್ತು? ಅವ್ವನಿಗೆ ಅವ್ವನ ಚೀಲ. ನನಗೆ ಒಂದು ಮರಿ. ಅವೆರಡನ್ನೂ ಹೇರಿ, ಆ ತೊಟ್ಟಿಲನ್ನು ತುದಿಗೆ ಏರಿಸಿ, ಅಗಳಿ ಹಾಕಿ, ಕೆಳಗಿನದರಲ್ಲಿ ನಮ್ಮನ್ನು ಕೂಡಿಸಿ ಅಡ್ಡಗೋಲು ಬಿಗಿದರು. ಯಾವತ್ತೂ ಎಲ್ಲರ ತೂಕ ಹೇಳುವವಳು ಅವತ್ತು ತೊಟ್ಟಿಲೊಳಗೆ ಕೂತು ಹೊಸ ಮದುವಣಗಿತ್ತಿಯ ಹಾಗೆ ಮೊಣಕಾಲು ಜೋಡಿಸಿಕೊಂಡಿದ್ದಳು. ನಾನು ಅವಳ ಸೊಂಟ ಬಳಸಿದೆ. ಬಳಸಿದ ತೋಳು ಆ ಕಡೆಯಿಂದ ಸುಲಭವಾಗಿ ಬಂದು ನನ್ನದೇ ಇನ್ನೊಂದು ಕೈಯನ್ನು ಹಿಡಿದುಕೊಂಡಿತು. ನನ್ನ ತೋಳು ಉದ್ದ ಬೆಳೆದಿದೆ ಎಂದುಕೊಂಡು ಒಳಗೊಳಗೇ ಹೆಮ್ಮೆಪಟ್ಟೆ.

ಅಗಳಿ ತೆಗೆದದ್ದೇ ತಡ, ನಾವು ಹಾರಿದೆವು. ನಿಧಾನ ಎಂಬ ಮಾತು ಕೆಳಗೇ ಉಳಿಯಿತು. ಚೀಲದ ತೊಟ್ಟಿಲು ಆ ಕಡೆ ದಬದಬನೆ ಇಳಿಯುತ್ತಿದ್ದರೆ, ತೊಲೆ ಹಿಡಿದಿದ್ದ ಚಿಕ್ಕಪ್ಪನ ಕಾಲು ನೆಲ ಬಿಟ್ಟಿತು. "ಹಿಡಿಯೋ! ಹಿಡಿಯೋ!" ಎಂದು ಅಪ್ಪ ಅರಚುವುದು, ಅಚ್ಚು ಕಿರ್ರನೆ ಕಿರುಚುವುದು, ಬಿಸಿ ಹರಳೆಣ್ಣೆಯ ಹೊಗೆ ಮುಖಕ್ಕೇ ರಾಚುವುದು, ಎಲ್ಲಾ ಒಟ್ಟಿಗೇ ಆಯಿತು. ನಮ್ಮ ತೊಟ್ಟಿಲು ತುದಿಯನ್ನು ದಾಟಿ ತೂಗಿ, ಹಿಂದಕ್ಕೆ ಬಂದು, ಮತ್ತೆ ತೂಗಿ, ಕೊನೆಗೆ ನಿಂತಿತು. ನಾವು ನೆತ್ತಿಯಲ್ಲಿ, ಚೀಲ ಬುಡದಲ್ಲಿ. ಅಪ್ಪನೂ ಚಿಕ್ಕಪ್ಪನೂ ತೊಲೆಗೆ ಜೋತುಬಿದ್ದು ಎಳೆದರು. ಒಂದಿಷ್ಟು ಇಳಿದೆವು, ಅವರ ಉಸಿರು ಮುಗಿದೊಡನೆ ಚೀಲ ತನ್ನ ಜಾಗಕ್ಕೆ ವಾಪಸು ಹೋಗಿ ನಮ್ಮನ್ನು ತುದಿಗೆ ಎತ್ತಿತು. ಎಳೆದರು, ಎತ್ತಿತು. ಕಾದ ಅಚ್ಚಿನೊಳಗಿಂದ ಪಟ್ ಎಂದು ಏನೋ ಸದ್ದಾಯಿತು. "ಎಳೀಬೇಡ ಕಣೋ, ಅಚ್ಚು ಹೋಯ್ತದೆ!" ಎಂದು ಚಿಕ್ಕಪ್ಪ ಕೈಬಿಟ್ಟ. ಹೊತ್ತು ಮುಳುಗುವುದಕ್ಕೆ ಇನ್ನು ಸ್ವಲ್ಪವೇ ಇತ್ತು. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು.

ನಾನು ಕೂಗಬೇಕಿತ್ತು. ಅದರ ಬದಲು ಡಾಕ್ಟರು ಮಾಡಿದ ಹಾಗೆ ಅವ್ವನ ಮಣಿಕಟ್ಟು ಹಿಡಿದು ನಾಡಿ ಹುಡುಕಿದೆ. ಡಬಡಬ ಹೊಡೆದುಕೊಳ್ಳುತ್ತಿದ್ದುದು ನನ್ನದೇ ಎಂದು ತಿಳಿಯಲು ಬಹಳ ಹೊತ್ತು ಬೇಕಾಯಿತು. ಅಷ್ಟರಲ್ಲಿ ಅವ್ವ ಕಣ್ಣು ಬಿಡದೆ, "ಕೈ ನೋಯಿಸ್ಬೇಡ ಮಗಾ. ನಿಂತಿತಾ?" ಎಂದಳು. ನಿಂತಿದೆ ಎಂದೆ. ಕಣ್ಣು ಬಿಟ್ಟಳು.

ಕೆಳಗೆ ಇಡೀ ಹೊಲ ಬಿದ್ದಿತ್ತು. ಕೊಯ್ದ ಕೂಳೆಯ ಮೇಲೆ ಓರೆ ಬಿಸಿಲು. ಅದರ ತುಂಬ ಸಾಲುಸಾಲಾಗಿ ಬಿಳಿ ಕಲ್ಲು. ಕೆಳಗಿಂದ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದ ಕಲ್ಲುಗಳು ಮೇಲಿಂದ ನೋಡಿದರೆ ರಸ್ತೆ, ಮನೆ, ತಿರುವುಗಳಾಗಿ ಆಗಲೇ ಕೂತಿದ್ದವು. "ಆಗ್ಲೇ ಅಂಕಣ ಕಟ್ಬುಟ್ಟವ್ರೆ" ಎಂದಳು ಅವ್ವ. ಆಮೇಲೆ ಕಲ್ಲುಗಳನ್ನು ಬಿಟ್ಟು ಅವುಗಳ ನಡುವೆ ಹುಡುಕತೊಡಗಿದಳು. "ಅಲ್ನೋಡು ಬೇವಿನ ಮರ. ನಿಮ್ ತಾತ ಮುನಿಸ್ಕಂಡ್ರೆ ಅದರಡಿ ಹೋಗಿ ಮಲಗೋನು. ಇಷ್ಟೇ ದೂರಾನಾ! ಹಿಟ್ಟು ಹೊತ್ಕಂಡು ಹೋಗಿ ಕರೆಯೋಷ್ಟ್ರಲ್ಲಿ ಸೋತೋಗ್ತಿದ್ದೆ." ದೂರದಲ್ಲಿ ಹೊಸಕೆರೆಹಳ್ಳಿ ಕೆರೆ ತಗಡಿನ ಹಾಗೆ ಹೊಳೆಯುತ್ತಿತ್ತು. ಅದರ ಈಚೆ ಇಟ್ಟಮಡು, ಅವಳ ತವರು. ಅಲ್ಲಿಂದ ಎದ್ದ ಹೊಗೆಯನ್ನು ನೋಡಿ, "ನಮ್ಮಣ್ಣನ ಮನೇಲಿ ನೀರೊಲೆ ಹಚ್ಚವ್ರೆ" ಎಂದು, ತೀರಾ ಖಚಿತವಾಗಿ ಹೇಳಿದಳು. ಒಂದು ಸಲ ಕೆಳಗೆ ನೋಡಿದ ಮೇಲೆ ನಾನು ಅಡ್ಡಗೋಲಿನ ಮೊಳೆಯನ್ನೇ ನೋಡುತ್ತಿದ್ದೆ, ಅದು ಅಲುಗಿದರೆ ನನಗೇ ಮೊದಲು ಗೊತ್ತಾಗಬೇಕೆಂದು.

ಕೆಳಗೆ ಚಿಕ್ಕಪ್ಪನಿಗೆ ದಾರಿ ಹೊಳೆದಿತ್ತು. ಚೀಲವನ್ನು ಒಮ್ಮೆಲೇ ತೆಗೆದರೆ ನಾವು ಕಲ್ಲಿನ ಹಾಗೆ ಬೀಳುತ್ತೇವೆ. ರಾಗಿಯನ್ನೇ ಬೊಗಸೆ ಬೊಗಸೆಯಾಗಿ ತೆಗೆಯಬೇಕು. ಅವನು ತೊಲೆಗೆ ಆತುಕೊಂಡ. ಅಪ್ಪ ಚೀಲದ ಬಾಯಿ ಕಟ್ಟಿದ್ದ ದಾರವನ್ನು ಹಲ್ಲಿನಿಂದ ಕಡಿದು, ನೆಲದ ಮೇಲೆ ಗೋಣಿ ಹಾಸಿ, ಸುರಿಯತೊಡಗಿದ. ಸುರಿದ. ರಾಟೆ ಅಲುಗಲಿಲ್ಲ. ಇನ್ನೂ ಸುರಿದ. ಅಲುಗಲಿಲ್ಲ. ಅವ್ವ ಮೇಲಿನಿಂದ ಬಗ್ಗಿ ನೋಡಿ, "ಎಲ್ಲಾ ಸುರೀಬೇಡ್ವೋ, ನಾನು ಧಪ್ ಅಂತ ಬಿದ್ದೇನು!" ಎಂದು ನಕ್ಕಳು. ಅಪ್ಪ ನಗಲಿಲ್ಲ. ಅವನ ಕೈ ಮೊದಲು ಅವಸರದಲ್ಲಿತ್ತು. ರಾಶಿ ಏರುತ್ತಾ ಬಂದ ಹಾಗೆ ನಿಧಾನವಾಯಿತು. ಕೊನೆಗೆ ಒಂದು ಬೊಗಸೆ ತೆಗೆದಾಗ ರಾಟೆ ನಿಟ್ಟುಸಿರಿಟ್ಟ ಹಾಗೆ ಸಡಿಲಗೊಂಡು, ನಾವು ಮೆಲ್ಲಗೆ, ಎಷ್ಟೋ ಮೆಲ್ಲಗೆ, ಇಳಿದೆವು.

ಅವ್ವ ಗಟ್ಟಿಯಾಗಿಯೇ ಇಳಿದಳು. "ನೋಡ್ದೆ. ಆಯ್ತು. ಬಿಚ್ರಿ ಇನ್ನ" ಎಂದು ಅಡುಗೆಮನೆಗೆ ಹೋದಳು. ಮಾರನೆಯ ದಿನ ರಾಟೆ ಬಿಚ್ಚಿದರು. ತೊಲೆಗಳು ನಾವು ಹೋದ ಹೊಸ ಮನೆಗೆ ಅಟ್ಟವಾದವು. ಕಾಡಿಗೆ ಕಣ್ಣಿನ ಕುದುರೆಗಳು ಬಹಳ ದಿನ ಹಿತ್ತಲಲ್ಲಿ ಮಳೆಗೆ ನೆಂದು ಕಣ್ಣು ಕರಗಿಸಿಕೊಂಡವು. ಅವ್ವ ಮುಂದಿನ ಸುಗ್ಗಿಯನ್ನು ನೋಡಲಿಲ್ಲ, ಸುಗ್ಗಿಯೂ ಇರಲಿಲ್ಲ. ಬೇವಿನ ಮರವಿದ್ದಲ್ಲಿ ಈಗ ತಿರುವಿದೆ. ಬಸ್ಸು ಅಲ್ಲಿ ವಾಲಿದಾಗ ನಾನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ.

ಆದರೆ ಅವತ್ತು ಸಂಜೆ ಅವ್ವ ಒಳಗೆ ಹೋದಮೇಲೂ ಅಪ್ಪ ರಾಟೆಯ ಬುಡದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಅಮ್ಮ ದೀಪ ಹಿಡಿದು ಬಂದಳು. ಗೋಣಿಯ ಮೇಲಿನ ರಾಶಿ ಅಪ್ಪನ ಮೊಣಕಾಲಿನ ಎತ್ತರಕ್ಕಿತ್ತು. ಅಪ್ಪ ಅದನ್ನು ನೋಡಿ, "ಇಷ್ಟಾ?" ಎಂದ, ಯಾರಿಗೂ ಅಲ್ಲ. "ದಿನಾ ಬಡಿಸೋಳು ನಾನು" ಎಂದಳು ಅಮ್ಮ, "ಇಷ್ಟು ಸೊರಗಿರೋದು ನಂಗೂ ತಿಳೀಲಿಲ್ಲ." ಒಳಗಿನಿಂದ ಅವ್ವ ಪಾತ್ರೆ ಸರಿಸುವ ಸದ್ದು ಬರುತ್ತಿತ್ತು. ಕೋಳಿಯೊಂದು ಗೂಡಿಗೆ ಹೋಗದೆ ರಾಶಿಯ ಹತ್ತಿರ ಬಂತು. ಅಪ್ಪ ಅದನ್ನು ಕೈಯಾಡಿಸಿ ಓಡಿಸಿದ, ಚದುರಿದ ಕಾಳನ್ನು ಒಂದೊಂದಾಗಿ ಆಯ್ದು ರಾಶಿಗೆ ಹಾಕಿದ.

ಅಷ್ಟೆಲ್ಲ ಹೆದರಿದ್ದೆವಲ್ಲ, ತಪ್ಪಿದ್ದು ಇಷ್ಟೇ: ಚೀಲ ತುಸು ಭಾರವಾಗಿತ್ತು.