ಲ್ಯಾಬಿನ ಖಾಲಿ ಹುದ್ದೆ

ಮಸ್ಕತ್ತಿನ ಹೊರವಲಯದ ರುಸೈಲಿನ ಒಂದು ಕೇಬಲ್ ಕಾರ್ಖಾನೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ತಾಮ್ರ ಪರೀಕ್ಷೆ ಮಾಡುತ್ತಿದ್ದೇನೆ. ಈಗ ಅಲ್ಲಿಯ ಇನ್‌ಚಾರ್ಜ್ ನಾನೇ. ಹಿಂದೆ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ, ಈಗ ಸುಸ್ತಿನಿಂದ ಹೇಳುತ್ತೇನೆ. ಆಫ್ರಿಕಾದಿಂದ ತಾಮ್ರದ ದಪ್ಪ ಹಾಳೆಗಳು ಕಂಟೇನರಿನಲ್ಲಿ ಬರುತ್ತವೆ. ನಾವು ಕರಗಿಸಿ, ತಂತಿ ಎಳೆದು, ಕೇಬಲ್ ಮಾಡುತ್ತೇವೆ. ಅದರಲ್ಲಿ ಒಂದಷ್ಟು ಮತ್ತೆ ಆಫ್ರಿಕಾಕ್ಕೇ ಹೋಗುತ್ತದೆ. ಇದರಲ್ಲಿ ಯೋಚಿಸುವಂಥದ್ದೇನಾದರೂ ಇದೆ ಎಂದು ನನಗೆ ಅಷ್ಟು ವರ್ಷ ಅನ್ನಿಸಿರಲೇ ಇಲ್ಲ.

ಸ್ಯಾಂಪಲ್ ಕತ್ತರಿಸಿ ತಂದುಕೊಡುತ್ತಿದ್ದವನು ಉಗಾಂಡದವನು, ನಲವತ್ತು ದಾಟಿದ ಮನುಷ್ಯ. ಊರಿನಲ್ಲಿ ಕೆಮಿಸ್ಟ್ರಿ ಡಿಪ್ಲೊಮಾ ಮಾಡಿದ್ದ, ವೀಸಾದಲ್ಲಿ ಮಾತ್ರ ಹೆಲ್ಪರ್. ತಂತಿಯ ತುಂಡನ್ನು ಮೆಷಿನ್ನಿಗೆ ಹಾಕಿ ತಿರುಚುವ ಮೊದಲೇ ಅದರ ಮೇಲೆ ಬೆರಳಾಡಿಸಿ, ಇಲ್ಲಿ ಕಲಿತ ಹರಕು ಹಿಂದಿಯಲ್ಲಿ, "ಮೇಡಂ, ಇದು ನಿಲ್ಲುವುದಿಲ್ಲ" ಎನ್ನುತ್ತಿದ್ದ. ನಿಲ್ಲುತ್ತಿರಲಿಲ್ಲ, ತುಂಡಾಗುತ್ತಿತ್ತು. ಲ್ಯಾಬಿನ ಅರ್ಧ ಕೆಲಸ ಅವನೇ ಮಾಡುತ್ತಿದ್ದ. ವರದಿಯ ಸಹಿ ನನ್ನದು.

ಕಳೆದ ವರ್ಷ ಹೆಲ್ಪರ್‌ಗಳ ವೀಸಾ ಮುಂದುವರಿಸುವುದಿಲ್ಲವೆಂದು ಕಂಪನಿ ಹೇಳಿತು. ಅದೇ ಹೊತ್ತಿಗೆ ನಮ್ಮ ಲ್ಯಾಬ್ ಟೆಕ್ನಿಷಿಯನ್ ಬಿಟ್ಟು ಹೋಗುವವನಿದ್ದ. ಉಗಾಂಡದವನು ಒಂದು ದಿನ ಕೈ ಒರೆಸಿಕೊಳ್ಳುತ್ತ ಬಂದು, "ಆ ಜಾಗಕ್ಕೆ ನನ್ನ ಹೆಸರು ಹೇಳುತ್ತೀರಾ ಮೇಡಂ? ಇಲ್ಲದಿದ್ದರೆ ನಾನು ಊರಿಗೇ" ಎಂದ. "ಹೇಳ್ತೇನೆ" ಎಂದೆ. ಆಗ ಮನಸ್ಸಿನಿಂದಲೇ ಹೇಳಿದ್ದೆ.

ಆ ವಾರ ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು: ಆಫ್ರಿಕಾದಲ್ಲಿ ಸಾಮ್ರಾಜ್ಯಶಾಹಿ, ಅದರ ಕಾರಣಗಳು ಮತ್ತು ಪರಿಣಾಮಗಳು. ಅಲ್ ಖುವೈರ್‌ನ ನಮ್ಮ ಫ್ಲ್ಯಾಟಿನಲ್ಲಿ ಕೂತು ಅವಳು ಇಂಟರ್ನೆಟ್ಟಿನಿಂದ ಪುಟಗಟ್ಟಲೆ ಇಳಿಸಿಕೊಳ್ಳುತ್ತಿದ್ದಳು. "ಅಲ್ಲಿಯವರೇ ಒಬ್ಬರು ಇದ್ದಾರಲ್ಲ ಮಾರಾಯ್ತಿ, ಅವರನ್ನೇ ಕೇಳು" ಎಂದು ನಾನೇ ಅವನಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟು ಕೊಟ್ಟೆ. ಆ ದಿನ ನನಗೆ ನನ್ನ ಬಗ್ಗೆ ಸ್ವಲ್ಪ ಖುಷಿಯೂ ಆಗಿತ್ತು.

ಅವಳು ಕಾರಣ ಏನೆಂದು ಕೇಳಿದಳು. "ನಮ್ಮ ಗುಡ್ಡದಲ್ಲಿ ತಾಮ್ರ ಇತ್ತು" ಎಂದ. ಮತ್ತೆ? "ಅಷ್ಟೇ." ಆಮೇಲೆ ನಿಧಾನವಾಗಿ ಬಿಚ್ಚಿ ಹೇಳಿದ. ರೈಲು ಹಾಕಿದ್ದು ತಾಮ್ರಕ್ಕೆ, ಗಣಿಯಿಂದ ಬಂದರಿಗೆ. ಅವನ ಅಜ್ಜನಿಗೆ ಪಕ್ಕದೂರಿನ ಸಂತೆಗೆ ಹೋಗಬೇಕಾದರೆ ಆ ಹಳಿಯನ್ನು ದಾಟಿ ನಡೆದೇ ಹೋಗಬೇಕಿತ್ತು. ಕಲ್ಲು ನೋಡಿಯೇ ಎಲ್ಲಿ ಎಷ್ಟು ಲೋಹವಿದೆ ಎಂದು ಅಜ್ಜ ಹೇಳುತ್ತಿದ್ದನಂತೆ. ಆದರೂ ಮೇಸ್ತ್ರಿಯ ಜಾಗಕ್ಕೆ ಪ್ರತಿ ಸಲ ಹಡಗಿನಲ್ಲಿ ಹೊಸ ಬಿಳಿಯನೊಬ್ಬ ಬರುತ್ತಿದ್ದ, ಅವನಿಗೆ ಕೆಲಸ ಕಲಿಸುವುದು ಅಜ್ಜನದೇ ಕೆಲಸ. ಹಾಗೆ ಎಷ್ಟೋ ಜನರಿಗೆ ಕಲಿಸಿ ಅಜ್ಜ ಕೂಲಿಯಾಗಿಯೇ ತೀರಿಕೊಂಡ. "ದಟ್ಸ್ ಸೋ ಅನ್‌ಫೇರ್" ಎಂದಳು ಮಗಳು. ನಾನೂ ಹೌದೆಂದು ತಲೆಯಾಡಿಸಿದೆ.

ನಾಲ್ಕು ದಿನದ ಮೇಲೆ ಟೆಕ್ನಿಷಿಯನ್ ಹುದ್ದೆಯ ಇಮೇಲ್ ಬಂತು. ನಾನು ಅದನ್ನು ಪೂರ್ತಿ ಓದುವ ಮೊದಲೇ ನಮ್ಮ ಊರಿನವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಟ್ಟಿದ್ದೆ. ಗಲ್ಫಿನಲ್ಲಿ ಕರಾವಳಿಯವರಿಗೆ ಇದು ಉಸಿರಾಡಿದಷ್ಟೇ ಸಹಜ. ಎಲ್ಲಿ ಜಾಗ ಖಾಲಿಯಾದರೂ ಮೊದಲು ನಮ್ಮವರಿಗೆ ತಿಳಿಸಬೇಕು. ನಾನು ಇಲ್ಲಿಗೆ ಬಂದದ್ದೂ ಹಾಗೆಯೇ. ಚಾ ಕುಡಿದು ಬರುವಷ್ಟರಲ್ಲಿ ಹಿರಿಯರೊಬ್ಬರ ಫೋನು. ನಾವು ಮಸ್ಕತ್ತಿಗೆ ಬಂದಿಳಿದಾಗ ವಾದಿ ಅದಾಯ್‌ನಲ್ಲಿ ತಮ್ಮ ಮನೆಯ ಒಂದು ಕೋಣೆ ಬಿಟ್ಟುಕೊಟ್ಟವರು. "ನಮ್ಮ ತಂಗಿಯ ಅಳಿಯ ಇದ್ದಾನಲ್ಲ, ಬಿ.ಎಸ್ಸಿ. ಆಗಿದೆ. ನೋಡಮ್ಮ, ನಮ್ಮವನೇ" ಎಂದರು. ಆಯಿತೆಂದೆ.

ಮಾರನೆಯ ದಿನ ಮ್ಯಾನೇಜರ್ ಎರಡು ಅರ್ಜಿ ಮುಂದಿಟ್ಟು ಯಾರಾಗಬಹುದು ಎಂದು ಕೇಳಿದರು. ಒಂದು ನಮ್ಮ ಹೆಲ್ಪರನದು, ಒಂದು ಅಳಿಯನದು. ನನಗೆ ಉತ್ತರ ಗೊತ್ತಿತ್ತು. ಆ ಹಿರಿಯರ ಮುಖ ನೆನಪಾಯಿತು, ಆ ಕೋಣೆ ನೆನಪಾಯಿತು. ಅಳಿಯನ ಅರ್ಜಿಯ ಮೇಲೆ ಬೆರಳಿಟ್ಟೆ.

ಅಳಿಯ ಬಂದ. ಒಳ್ಳೆಯವನೇ, ಆದರೆ ತಾಮ್ರ ಮುಟ್ಟಿ ಗೊತ್ತಿಲ್ಲ. ಕಲಿಸುವುದಕ್ಕೆ ನನಗೆ ಪುರುಸೊತ್ತಿರಲಿಲ್ಲ, ಹೊರಡಲು ಒಂದು ತಿಂಗಳಿದ್ದ ಹೆಲ್ಪರನಿಗೇ ಹೇಳಿದೆ. ಅವನು ತಂತಿ ಹಿಡಿಯುವುದರಿಂದ ಶುರುಮಾಡಿ ಒಂದೊಂದಾಗಿ ಕಲಿಸಿದ. ಮೂರನೆಯ ದಿನ ಅವರಿಬ್ಬರನ್ನೂ ಗಾಜಿನ ಆಚೆಯಿಂದ ನೋಡುತ್ತಿದ್ದಾಗ ಹೆಲ್ಪರ್ ಹೇಳಿದ್ದ ಅವನ ಅಜ್ಜನ ಕತೆ ತಲೆಗೆ ಬಂತು. ನಾಚಿಕೆಯಾಯಿತು. ಆದರೂ ಏಳಲಿಲ್ಲ, ಕುರ್ಚಿಯಲ್ಲೇ ಕೂತಿದ್ದೆ. ಮಗಳ ಪ್ರಾಜೆಕ್ಟಿಗೆ ಮೊದಲ ಬಹುಮಾನ ಬಂದ ಸುದ್ದಿಯನ್ನೂ ಅವನಿಗೆ ಹೇಳಲಿಲ್ಲ.

ಹೊರಡುವ ದಿನ ಅವನು ಅನುಭವ ಪತ್ರ ಕೇಳಲು ಬಂದ. ಅದೊಂದಿದ್ದರೆ ಊರಿನ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಸಿಗಬಹುದು ಎಂದ. ಕೆಲಸದ ವಿವರ ತುಂಬಿಸಬೇಕಾದವಳು ನಾನು. ಪರೀಕ್ಷೆ ಮಾಡುತ್ತಿದ್ದ ಎಂದು ಬರೆದರೆ, ಹೆಲ್ಪರ್ ಮಾಡಿದ ಪರೀಕ್ಷೆಗೆ ಸಹಿ ಹಾಕಿದ್ದು ಯಾರು ಎಂದು ನಾಳೆ ಆಡಿಟ್ಟಿನವರು ಕೇಳುತ್ತಾರೆ. 'ಸ್ಯಾಂಪಲ್ ತರುವುದು, ಲ್ಯಾಬ್ ಸ್ವಚ್ಛಗೊಳಿಸುವುದು' ಎಂದು ಬರೆದೆ.

ಅವನು ನಿಂತುಕೊಂಡೇ ಎರಡು ಸಲ ಓದಿದ. "ಇಷ್ಟೇನಾ ಮೇಡಂ?" ಎಂದ.

"ವೀಸಾದಲ್ಲಿ ಹಾಗೇ ಉಂಟಲ್ಲ" ಎಂದೆ.

ಅವನು ಪತ್ರವನ್ನು ಮತ್ತೆ ಮೇಜಿನ ಮೇಲಿಟ್ಟ. ಹರಿದು ಹಾಕುತ್ತಾನೇನೋ ಎಂದುಕೊಂಡೆ, ಹರಿದಿದ್ದರೆ ಒಳ್ಳೆಯದಿತ್ತು. ಸೀಲ್ ಬಿದ್ದಿಲ್ಲವೆಂದು ತೋರಿಸಿ, ಇಂಕ್ ಪ್ಯಾಡಿನ ಮುಚ್ಚಳವನ್ನು ತಾನೇ ತೆಗೆದು ನನ್ನ ಮುಂದಕ್ಕೆ ಸರಿಸಿದ.