ತೆರಿಗೆ ಮುರಿದುಕೊಂಡ ಸಂಜೆಯ ಊಟ

ಬಾಗಿಲು ತೆಗೆದರೆ ನಮ್ಮ ಯಜಮಾನರ ಜೊತೆ ಕೆಲಸ ಮಾಡುತ್ತಿದ್ದ ಗೂಡ್ಸ್ ಗಾಡಿಯ ಗಾರ್ಡ್ ಬಸವರಾಜ ನಿಂತಿದ್ದರು. ಅವರ ಹಿಂದೆ ಇನ್ನೂ ಮೂರ್ನಾಲ್ಕು ಜನ, ಎಲ್ಲರ ಕೈಯಲ್ಲೂ ಊಟದ ಡಬ್ಬಿ.

"ವೈನಿ, ಫೆಬ್ರುವರಿ ಪಗಾರ ಬಂತ್ರಿ. ಬರೋಬರ್ ಅರ್ಧ ಟ್ಯಾಕ್ಸ್‌ನಾಗ ಹೋತು. ಉಳಿದಿದ್ದನ್ನ ಕೂಡಿ ಉಣ್ಣೋಣಂತ ಬಂದ್ವಿ" ಎಂದರು ಬಸವರಾಜ, ಅತ್ತಿಗೆ ಎಂಬ ಸಲುಗೆಯಲ್ಲಿ.

ರೈಲ್ವೆಯವರಿಗೆ ವರ್ಷದ ಬಾಕಿ ಆದಾಯ ತೆರಿಗೆಯನ್ನೆಲ್ಲ ಫೆಬ್ರುವರಿ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಅಂದು ಸಪ್ಪೆ ಮುಖ ಹಾಕಿಕೊಂಡು ಕೂರುವ ಬದಲು, ಒಬ್ಬೊಬ್ಬರು ಒಂದೊಂದು ಅಡುಗೆ ತಂದು ನಮ್ಮ ಮನೆಯಲ್ಲಿ ಉಣ್ಣುವ ರೂಢಿಯನ್ನು ನಾಗಪುರದ ಈ ಕ್ವಾರ್ಟರ್ಸ್‌ನಲ್ಲಿ ಶುರು ಮಾಡಿದ್ದೇ ನಮ್ಮವರು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಹಬ್ಬ ಮಾಡುವಂತಿಲ್ಲ. ನನಗೆ ನೋವಾದೀತೆಂದು ದೀಪಾವಳಿಗೂ ಸಂಕ್ರಾಂತಿಗೂ ಯಾರೂ ಇತ್ತ ಬರಲಿಲ್ಲ. ನಾನೂ ಯಾರ ಮನೆಗೂ ಹೋಗಲಿಲ್ಲ. ದಿನಗಟ್ಟಲೆ ಮಾತಿಲ್ಲದೆ ಇರುವುದು ಅಭ್ಯಾಸವಾಗುತ್ತಾ ಬಂದಿತ್ತು.

"ಈ ವರ್ಷ ನಮ್ಮ ಮನ್ಯಾಗ ಹಬ್ಬ ಇಲ್ಲಲ್ರಿ" ಎಂದೆ, ಬಾಗಿಲಿಗೆ ಅಡ್ಡ ನಿಂತೇ.

"ಹಬ್ಬ ಎಲ್ಲೈತ್ರಿ ವೈನಿ? ಇದು ಟ್ಯಾಕ್ಸ್. ಇದಕ್ಕ ಯಾರ ಮನ್ಯಾಗೂ ಮಾಫಿ ಇಲ್ಲ" ಎನ್ನುತ್ತಾ ಬಸವರಾಜ ಚಪ್ಪಲಿ ಬಿಟ್ಟರು. "ಜಲ್ದಿ ಅನ್ನಕ್ಕಿಡ್ರಿ. ಅನ್ನ ಒಂದ ಯಾರೂ ತಂದಿಲ್ಲ."

ನನಗೆ ನಗು ಬಂದುಬಿಟ್ಟಿತು. ದಾರಿ ಬಿಟ್ಟೆ.

ಒಬ್ಬಳಿಗಷ್ಟೇ ಅಕ್ಕಿ ಹಾಕಿ ರೂಢಿಯಾದ ಕೈಗೆ ಅಂದು ಅಳತೆ ತಪ್ಪಿತ್ತು. ಎಲ್ಲರೂ ಉಂಡ ಮೇಲೂ ಅನ್ನ ಬಹಳ ಉಳಿಯಿತು. ಬೆಳಿಗ್ಗೆ ಅದನ್ನೇ ಚಿತ್ರಾನ್ನ ಮಾಡಿ, ಪಕ್ಕದ ಮನೆಯ ಬಾಗಿಲು ನಾನೇ ಹೋಗಿ ತಟ್ಟಿದೆ.